ಅಗಸಿ ಮುಟ್ಟೋ ತನಕ

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಒಂದರ ಬೆನ್ನಿಗೆ ಒಂದು ರಿಲೀಸು, ಬೆಂಗಳೂರಿನ ಟ್ರಾಫಿಕ್ಕು, ಅದರ ಮೇಲೆ ಹುಟ್ಟಾ ಸೋಮಾರಿತನ... ನೆಪಗಳಿಗೇನು ಬರ ಹೇಳಿ :-) ಆದರೆ ಕಳೆದ ಸಲ ಊರಿಗೆ ಹೋದಾಗಿನಿಂದ ಒಂದು ವಿಷಯ ತಲೆಯಲ್ಲಿ ಗುಂಯ್‌ಗುಡ್ತಾ ಇದೆ. ಬರೆದು ಹೊರಗೆ ಹಾಕದಿದ್ದರೆ ನಿದ್ದೆ ಬರಲ್ಲ.

ನಮ್ಮೂರು ಬೈರಿದೇವರಕೊಪ್ಪ. ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡಿದವರೆಲ್ಲ ನಮ್ಮೂರನ್ನು ನೋಡಿರ್ತೀರಿ, ಆದರೆ ಇಳಿದಿರೋದಿಲ್ಲ. ಉಣಕಲ್ ಕೆರೆ ದಾಟಿದ ಮೇಲೆ, ನವನಗರ ಬರೋಕೆ ಮುಂಚೆ. ಬಸ್ಸಿನಲ್ಲಿ ಒಂದು ಸಲ ಆಕಳಿಸಿದರೆ ಮುಗೀತು, ಊರು ಹಿಂದೆ ಹೋಯ್ತು. ಕೊಪ್ಪ ಅಂದರೆ ಚಿಕ್ಕ ಹಳ್ಳಿ. ಬೈರಿದೇವರು ಅಂದರೆ ಭೈರವ, ಊರ ಗಡಿ ಕಾಯೋನು ಅಂತ ನಮ್ಮ ಅಜ್ಜಿ ಹೇಳ್ತಿದ್ದಳು. ಹುಬ್ಬಳ್ಳಿ ಮತ್ತು ಧಾರವಾಡ ಎರಡೂ ಸೇರಿ 1962ರಲ್ಲಿ ಒಂದೇ ಮಹಾನಗರಪಾಲಿಕೆ ಆಯ್ತು. ಈಗ ನಾವೂ ಸಿಟಿಯವರೇ. ಆದರೆ ನಮ್ಮ ಓಣಿಯ ಎತ್ತುಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಆ ಎತ್ತುಗಳ ವಿಷಯದಿಂದಲೇ ಶುರು ಮಾಡ್ತೀನಿ. ಪ್ರತಿ ವರ್ಷ ಮಾಘ ಮಾಸದಲ್ಲಿ, ಭಾರತ ಹುಣ್ಣಿಮೆ ಹೊತ್ತಿಗೆ ಉಳವಿ ಚನ್ನಬಸವಣ್ಣನ ಜಾತ್ರೆ. ಧಾರವಾಡ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಚಕ್ಕಡಿಗಳು ಸಾಲುಗಟ್ಟಿ ಉಳವಿಗೆ ಹೋಗ್ತವೆ. ಎತ್ತಿಗೆ ಜೂಲಾ, ಕೊಂಬಿಗೆ ಕೊಂಬಣಸು, ಗಾಡಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ. ಹೆಂಗಸರು, ಹುಡುಗರು ಗಾಡಿಯಲ್ಲಿ, ಗಂಡಸರು ಬಹಳಷ್ಟು ಜನ ಪಕ್ಕದಲ್ಲಿ ನಡಕೊಂಡೇ. ಧಾರವಾಡ, ಹಳಿಯಾಳ, ದಾಂಡೇಲಿ, ಆಮೇಲೆ ಕಾಡು, ಪೊಟೋಲಿ, ಗುಂದ, ಉಳವಿ. ನೂರು ಕಿಲೋಮೀಟರಿಗೂ ಜಾಸ್ತಿ. ನಮ್ಮ ಕಾಕಾ ಇಪ್ಪತ್ತು ವರ್ಷಕ್ಕೂ ಮೇಲೆ ಈ ದಾರಿ ನಡೆದಿದ್ದಾನೆ. ಚಪ್ಪಲಿ ಹಾಕಲ್ಲ, ಗಾಡಿ ಹತ್ತಲ್ಲ. ಈಗ ಹುಲಿ ಸಂರಕ್ಷಿತ ಪ್ರದೇಶ ಅಂತ ಬೋರ್ಡು ಹಾಕಿರೋ ಕಾಡಿನಲ್ಲಿ ರಾತ್ರಿ ಬೆಂಕಿ ಹಾಕಿ ಮಲಗಿದ್ದಾನೆ. ಒಂದು ದಿನಕ್ಕೂ ಕಾಲಿಗೆ ಮುಳ್ಳು ಚುಚ್ಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ.

2024ರ ಜಾತ್ರೆ ಮುಗಿಸಿ ವಾಪಸ್ ಬಂದವನು ನಮ್ಮ ಮನೆ ಕಾಣೋ ಜಾಗದಲ್ಲಿ, ಪಿ.ಬಿ. ರೋಡ್ ದಾಟುವಾಗ, ಬೈಕ್ ಹೊಡೆದು ಬಿದ್ದ. ರಾತ್ರಿ ಎಂಟೂವರೆ. ಹುಡುಗ ಯಾರೋ, ನಿಲ್ಲಲಿಲ್ಲ. ತೊಡೆ ಎಲುಬು ಮುರಿದು ರಾಡು ಹಾಕಬೇಕಾಯ್ತು. ನಾನು ಬೆಂಗಳೂರಿಂದ ರಾತ್ರಿ ಬಸ್ ಹಿಡಿದು ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಅವನು ಹೇಳಿದ ಮೊದಲ ಮಾತು ಇದು:

"ಅಡವ್ಯಾಗ ಏನೂ ಆಗಲಿಲ್ಲ ತಮ್ಮಾ. ದಾಂಡೇಲಿ ದಾಟಿದ್ವಿ, ಹಳ್ಯಾಳ ದಾಟಿದ್ವಿ. ಅಗಸಿ ಮುಂದ ಬಂದು ಬಿದ್ದೆ ನೋಡು."

ನಮ್ಮೂರಿನಲ್ಲಿ ಅಗಸಿ ಅಂತ ಈಗ ಏನೂ ಇಲ್ಲ. ಅವನು ಅಭ್ಯಾಸಬಲದಿಂದ ಹಾಗೆ ಅಂದ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ದೂರದ ದಾರಿ ನಡೆದು ಬಂದವನಿಗೆ ಅಪಾಯ ಇರೋದು ದಾರಿಯಲ್ಲಲ್ಲ, ದಾರಿ ಬಿಟ್ಟು ಊರೊಳಗೆ ಕಾಲಿಡೋ ಆ ಕೊನೆಯ ಅರ್ಧ ಮೈಲಿಯಲ್ಲಿ. ಇದು ಇವತ್ತಿನ ಕತೆಯಾ, ಅಥವಾ ಮೊದಲಿಂದಲೂ ಹೀಗೇನಾ? ಅವನ ಹಾಸಿಗೆ ಪಕ್ಕ ಕೂತಿದ್ದ ಹತ್ತು ದಿನ, ಆಮೇಲೆ ಬೆಂಗಳೂರಿಗೆ ಬಂದ ಮೇಲೂ, ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ಇತಿಹಾಸ ಓದಿದವನಲ್ಲ, ಇಂಜಿನಿಯರಿಂಗ್ ಗಿರಾಕಿ. ತಪ್ಪಿದ್ದರೆ ತಿದ್ದಿ.

ಮೊದಲು ಅಗಸಿ ಅಂದರೆ ಏನು ಅಂತ ದಕ್ಷಿಣದ ಗೆಳೆಯರಿಗೆ ಹೇಳಿಬಿಡ್ತೀನಿ. ಅಗಸಿ ಅಂದರೆ ಊರ ಬಾಗಿಲು. ನಮ್ಮ ಕಡೆ ಹಳೆಯ ಹಳ್ಳಿಗಳಿಗೆ ಸುತ್ತ ಮಣ್ಣಿನದೋ ಕಲ್ಲಿನದೋ ಗೋಡೆ, ಅದಕ್ಕೊಂದು ದೊಡ್ಡ ಬಾಗಿಲು, ಬಾಗಿಲ ಹತ್ತಿರ ಹನುಮಪ್ಪನ ಗುಡಿ, ಗುಡಿ ಮುಂದೆ ಕಟ್ಟೆ, ಒಂದು ಬೇವಿನ ಗಿಡವೋ ಅರಳಿ ಗಿಡವೋ, ಹತ್ತಿರದಲ್ಲೇ ಭಾವಿ. ಈಗ ಗೋಡೆ ಹೋಗಿದೆ, ಬಾಗಿಲು ಹೋಗಿದೆ. ಆದರೂ "ಅಗಸ್ಯಾಗ ಕುಂತಾನ" ಅಂತ ಜನ ಅಂತಾರೆ. ನಾವು ಅದನ್ನು ಹರಟೆ ಹೊಡೆಯೋ ಜಾಗ ಅಂತ ಮಾತ್ರ ತಿಳಕೊಂಡಿದ್ದೀವಿ. ಸ್ವಲ್ಪ ಯೋಚನೆ ಮಾಡಿದರೆ ಗೊತ್ತಾಗುತ್ತೆ, ಅದೊಂದು ವ್ಯವಸ್ಥೆ. ದಾರಿಯಿಂದ ಬಂದವನು ನೇರ ಊರೊಳಗೆ ನುಗ್ಗೋ ಹಾಗಿಲ್ಲ. ಕಟ್ಟೆ ಮೇಲೆ ಕೂರಬೇಕು. ನೀರು ಕುಡಿಯಬೇಕು. ಯಾರು, ಎಲ್ಲಿಂದ, ಯಾರ ಮನೆಗೆ ಅಂತ ಅಲ್ಲಿದ್ದವರು ಕೇಳ್ತಾರೆ. ಅವನಿಗೆ ಊರಿನ ಗುರುತು, ಊರಿಗೆ ಅವನ ಗುರುತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಲಾಗಿನ್ ಪೇಜು :-)

ಆ ಗುಡಿಗಳ ಮುಂದೆ ಅನೇಕ ಕಡೆ ವೀರಗಲ್ಲುಗಳು ನಿಂತಿರ್ತವೆ. ಕುಂಕುಮ ಮೆತ್ತಿ, ಎಣ್ಣೆ ಸುರಿದು ದೇವರೇ ಮಾಡಿಬಿಟ್ಟಿರ್ತೀವಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ (ಶುರುವಾಗಿದ್ದು 1939ರಲ್ಲಿ) ವಸ್ತುಸಂಗ್ರಹಾಲಯದಲ್ಲಿ ಅಂಥ ಕಲ್ಲುಗಳಿವೆ. ಕಾಲೇಜಿನಲ್ಲಿದ್ದಾಗ ಒಂದು ಸಲ ಹೋಗಿದ್ದೆ, ಆಗ ಕತ್ತಿ ಹಿಡಿದವರ ಚಿತ್ರ ಅಂತ ನೋಡಿ ಬಂದಿದ್ದೆ ಅಷ್ಟೇ. ಈಗ ಓದಿದ ಮೇಲೆ ತಿಳೀತು, ವಿದ್ವಾಂಸರು ಇವುಗಳನ್ನು ಯಾಕೆ ಸತ್ತರು ಅನ್ನೋದರ ಮೇಲೆ ವಿಂಗಡಿಸ್ತಾರೆ. ತುರುಗೊಳ್ ಅಂದರೆ ದನ ಹೊಡಕೊಂಡು ಹೋಗುವಾಗ ತಡೆದು ಸತ್ತದ್ದು. ಪೆಣ್ಬುಯ್ಯಲ್ ಅಂದರೆ ಹೆಣ್ಣಿನ ಮೊರೆಗೆ ಓಗೊಟ್ಟು ಸತ್ತದ್ದು. ಊರಳಿವು ಅಂದರೆ ಊರೇ ಹಾಳಾಗುವಾಗ ಕಾದಿ ಸತ್ತದ್ದು. ಮೂರರಲ್ಲಿ ಎರಡು ಊರಿನ ಅಂಚಿನಲ್ಲಿ ಆಗೋ ಸಾವುಗಳು ಅನ್ನೋದನ್ನು ಗಮನಿಸಿ. ಊರ ನಡುವೆ ಜನ, ದೂರದ ಅಡವಿಯಲ್ಲಿ ಪ್ರಾಣಿ. ಎರಡರ ನಡುವಿನ ಜಾಗದಲ್ಲಿ ಕಳ್ಳ. ಕಾಯೋನೂ ಅಲ್ಲೇ ನಿಲ್ಲಬೇಕು.

ವ್ಯಾಪಾರಿಗಳು ಇದನ್ನು ಬಹಳ ಮುಂಚೆಯೇ ಅರ್ಥ ಮಾಡಿಕೊಂಡಿದ್ದರು. ಐಹೊಳೆಯ ಹೆಸರಿನ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತ ತುಂಬಾ ತಿರುಗಾಡಿದವರು, ಜೊತೆಗೆ ತಮ್ಮದೇ ಕಾವಲಿನವರನ್ನು ಇಟ್ಟುಕೊಂಡಿದ್ದವರು. ಕಾವಲು ಇಟ್ಟುಕೊಳ್ಳೋ ಶಕ್ತಿ ಇಲ್ಲದ ಬಡ ದಾರಿಹೋಕನಿಗೆ ಇದ್ದದ್ದು ಅರವಟ್ಟಿಗೆ, ಸತ್ರ, ಮಠ. ಅರವಟ್ಟಿಗೆ ಅಂದರೆ ದಾರಿಹೋಕರಿಗೆ ನೀರು ಕೊಡೋ ಚಪ್ಪರ. ನೀರು ಕೊಡೋಕೆ ಒಬ್ಬ ಆಳು, ಅವನ ಖರ್ಚಿಗೆ ಇಷ್ಟು ಹೊಲ ಅಂತ ದಾನ ಬಿಟ್ಟ ಶಾಸನಗಳು ಕರ್ನಾಟಕದಲ್ಲಿವೆ. ದಾನಶಾಸನಗಳ ಕೊನೆಗೆ ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಅನ್ನೋ ಶಾಪ ಬೇರೆ. ಒಂದು ಕೊಡ ನೀರಿನ ವ್ಯವಸ್ಥೆಯನ್ನು ಕಲ್ಲಿನಲ್ಲಿ ಕೊರೆಸಿ, ಶಾಪ ಹಾಕಿ ಭದ್ರ ಮಾಡ್ತಿದ್ದರು. ನಾವು ಫುಟ್‌ಪಾತ್ ಮೇಲೆ ಬೈಕ್ ನಿಲ್ಲಿಸಿ ಒಂದು ಕ್ಷಣವೂ ಯೋಚನೆ ಮಾಡಲ್ಲ.

ಕರಾವಳಿ ಕಡೆಯ ದಾರಿ ಬಗ್ಗೆ 14ನೇ ಶತಮಾನದ ಮೊರಾಕ್ಕೋ ಯಾತ್ರಿಕ ಇಬ್ನ್ ಬತೂತಾ ಬರೆದಿದ್ದಾನೆ. ನಮ್ಮ ಹೊನ್ನಾವರಕ್ಕೂ ಬಂದು ಹೋದವನು. ಮಲಬಾರಿನ ದಾರಿಯಲ್ಲಿ ಪ್ರತಿ ಅರ್ಧ ಮೈಲಿಗೆ ಒಂದು ಮರದ ಮನೆ, ಕೂರೋಕೆ ಜಗಲಿ, ಪಕ್ಕದಲ್ಲಿ ಭಾವಿ, ನೀರು ಕೊಡೋಕೆ ಒಬ್ಬ ಅಂತ ಅವನು ಬೆರಗಾಗಿ ಹೇಳ್ತಾನೆ. ಅರ್ಧ ಜಗತ್ತು ತಿರುಗಿದವನಿಗೂ ಬೆರಗಾದದ್ದು ಒಂದು ಜಗಲಿ ಮತ್ತು ಒಂದು ಭಾವಿ!

ನನಗೆ ಬಹಳ ಇಷ್ಟವಾದದ್ದು ಪಿಯೆತ್ರೋ ದೆಲ್ಲಾ ವಾಲ್ಲೆ ಅನ್ನೋ ಇಟಲಿಯವನ ಪತ್ರಗಳು. 1623ರ ನವೆಂಬರಿನಲ್ಲಿ ಈತ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆಗೆ ದೋಣಿಯಲ್ಲಿ ಹೋಗಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದ, ವೆಂಕಟಪ್ಪ ನಾಯಕನನ್ನು ನೋಡೋಕೆ. ದಾರಿಯುದ್ದಕ್ಕೂ ಗುಡಿಗಳಲ್ಲೇ ಮಲಗಿದ. ಒಂದು ಊರಿನ ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೀತಾ, ರಾಗವಾಗಿ ಲೆಕ್ಕ ಕಲಿಯೋದನ್ನು ನೋಡಿ ಬರೆದಿಟ್ಟ. ಇಕ್ಕೇರಿ ಹತ್ತಿರ ಬಂದಾಗ ಈ ತಂಡವನ್ನು ಎದುರುಗೊಂಡು ಕರಕೊಂಡು ಹೋಗೋಕೆ ಜನ ಬಂದಿದ್ದರು. ಒಳಗೆ ಹೋಗಬೇಕಾದರೆ ಒಂದರ ಹಿಂದೆ ಒಂದು ಮೂರು ಬಾಗಿಲು. ಎಲ್ಲಕ್ಕಿಂತ ಹೊರಗಿನ ಸುತ್ತು ಗೋಡೆಯಲ್ಲ, ಒತ್ತಾಗಿ ನೆಟ್ಟು ಬೆಳೆಸಿದ ಎತ್ತರದ ಬಿದಿರು. ಕುದುರೆಯೂ ನುಗ್ಗಲ್ಲ, ಕಾಲಾಳೂ ನುಗ್ಗಲ್ಲ. ಇವತ್ತು ಇಕ್ಕೇರಿಗೆ ಹೋದರೆ ಅಘೋರೇಶ್ವರ ಗುಡಿ ಇದೆ, ಊರು ಸುಮ್ಮನಿದೆ. ಬಿದಿರ ಬಾಗಿಲು ನಾವೇ ಊಹಿಸಿಕೊಳ್ಳಬೇಕು.

ಆ ಪದ ನೋಡಿ, "ಎದುರುಗೊಳ್ಳೋದು". ಬೀಗರು ಬಂದರೆ ಈಗಲೂ ಎದುರುಗೊಳ್ತೀವಿ. ಅದು ಬರೀ ಮರ್ಯಾದೆ ಅಂತ ನಾನು ತಿಳಿದಿದ್ದೆ. ಮೂಲದಲ್ಲಿ ಅದರಲ್ಲಿ ರಕ್ಷಣೆಯೂ ಇತ್ತು ಅಂತ ಈಗ ಅನ್ನಿಸುತ್ತೆ. ಊರ ಹೊರಗೆ ಹೋಗಿ, ಅಪಾಯದ ಆ ಕೊನೆ ತುಂಡನ್ನು ಅತಿಥಿ ಜೊತೆ ನಡೆದು ಒಳಗೆ ಕರಕೊಂಡು ಬರೋದು.

ಹಾಗಂತ ಹಳೇ ಕಾಲ ಎಲ್ಲ ಬಂಗಾರ ಅಂತ ನಾನು ಹೇಳ್ತಿಲ್ಲ. ನಮ್ಮ ಹುಬ್ಬಳ್ಳಿಯನ್ನೇ ತಗೊಳ್ಳಿ. ಕಾರವಾರದ ಬಂದರಿಗೆ ಬಟ್ಟೆ ಕಳಿಸೋ ದೊಡ್ಡ ಪೇಟೆ, ಇಂಗ್ಲಿಷರ ಕೋಠಿಯೂ ಇಲ್ಲಿತ್ತು. 1673ರಲ್ಲಿ ಶಿವಾಜಿಯ ದಳಪತಿ ಅಣ್ಣಾಜಿ ಬಂದು ಪೇಟೆ ಲೂಟಿ ಮಾಡಿದ, ಇಂಗ್ಲಿಷರು ಪರಿಹಾರ ಕೇಳಿ ಅಲೆದರು. ಆಮೇಲೆ 1727ರ ಸುಮಾರಿಗೆ ಸವಣೂರ ನವಾಬನ ಕಾಲದಲ್ಲಿ ಬಸಪ್ಪ ಶೆಟ್ಟರು ಹೊಸ ಹುಬ್ಬಳ್ಳಿ ಕಟ್ಟಿದರು. ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುವಾಗ ನೆನಪಿಟ್ಟುಕೊಳ್ಳಿ, ಅದು ಕೋಟೆ ಮುಂದಿನ ಬಯಲು. ಧಾರವಾಡದ ಕೋಟೆಗೆ ಪರಶುರಾಮ ಭಾವು 1790ರ ಸೆಪ್ಟೆಂಬರಿನಲ್ಲಿ ಮುತ್ತಿಗೆ ಹಾಕಿದ, ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ಪಡೆ. ಟಿಪ್ಪುವಿನ ಕಡೆಯ ಬದ್ರುಜ್ಜಮಾನ್ ಖಾನ್ ಏಳು ತಿಂಗಳು ತಡೆದು 1791ರ ಏಪ್ರಿಲಿನಲ್ಲಿ ಕೋಟೆ ಬಿಟ್ಟುಕೊಟ್ಟ. ಸುರಕ್ಷಿತವಾಗಿ ಹೋಗೋಕೆ ಬಿಡ್ತೀವಿ ಅಂತ ಒಪ್ಪಂದ. ಆದರೆ ಕೋಟೆ ಬಿಟ್ಟು ಹೊರಟವರ ಮೇಲೆ ದಾರಿಯಲ್ಲಿ ದಾಳಿಯಾಯ್ತು, ಖಾನ್ ಗಾಯಗೊಂಡು ಸೆರೆಯಾದ. ಏಳು ತಿಂಗಳ ತೋಪಿನ ಹೊಡೆತದಿಂದ ಉಳಿದವನಿಗೆ ಬಾಗಿಲ ಹೊರಗೆ ಗಾಯ. ನಮ್ಮ ಕಾಕಾನ ಮಾತೇ ಬೇರೆ ರೂಪದಲ್ಲಿ.

ಇನ್ನು ಉಳವಿಯ ದಾರಿಯೇ ಹುಟ್ಟಿದ್ದು ಹೇಗೆ? ಕಲ್ಯಾಣದಲ್ಲಿ ಬಿಜ್ಜಳನ ಕೊಲೆಯಾದ ಮೇಲೆ, ಅಂದರೆ 1167ರ ಆಸುಪಾಸಿನಲ್ಲಿ, ಶರಣರು ದಿಕ್ಕಾಪಾಲಾದರು. ಚನ್ನಬಸವಣ್ಣ, ಅಕ್ಕನಾಗಮ್ಮ ಇದ್ದ ಗುಂಪು ವಚನಗಳ ಕಟ್ಟು ಹೊತ್ತುಕೊಂಡು ಈ ಕಡೆ ಬಂತು, ಹಿಂದೆ ಸೈನ್ಯ ಬೆನ್ನತ್ತಿತ್ತು ಅಂತ ಶರಣ ಪರಂಪರೆ ಹೇಳುತ್ತೆ. ಆ ದಾರಿಯ ಗುರುತುಗಳು ಇವತ್ತೂ ಇವೆ. ಮಲಪ್ರಭಾ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಮಂಟಪ, ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಸಮಾಧಿ, ಕೊನೆಗೆ ಉಳವಿಯಲ್ಲಿ ಚನ್ನಬಸವಣ್ಣನ ಸಮಾಧಿ, ಸುತ್ತ ಕಾಡಿನಲ್ಲಿ ಅಕ್ಕನಾಗಮ್ಮನ ಗವಿ, ಮಹಾಮನೆ ಗವಿ. ಯೋಚನೆ ಮಾಡಿ. ನಾವು ಜಾತ್ರೆ ಅಂತ ಹಾಡಿಕೊಂಡು ಹೋಗೋ ದಾರಿ ಜೀವ ಉಳಿಸಿಕೊಳ್ಳೋಕೆ ಓಡಿದವರ ದಾರಿ. ಅವರಿಗೆ ಊರೇ ಅಪಾಯ, ಅಡವಿಯೇ ಮನೆ. ಅಗಸಿಯಲ್ಲಿ ಯಾರು, ಎಲ್ಲಿಂದ ಅಂತ ಕೇಳೋ ಪ್ರಶ್ನೆ ಅತಿಥಿಗೆ ಆಸರೆ, ತಲೆಮರೆಸಿಕೊಂಡವನಿಗೆ ಉರುಳು. ಬಾಗಿಲು ಅನ್ನೋದು ಎರಡೂ ಕಡೆ ತಿರುಗುತ್ತೆ.

ಅದು ಹೇಗೆ ತಿರುಗುತ್ತೆ ಅನ್ನೋದನ್ನು ನಮ್ಮ ಕಣ್ಣಾರೆ ನೋಡಿದ್ದು 2020ರಲ್ಲಿ. ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ಕರ್ನಾಟಕದ ಎಷ್ಟೋ ಹಳ್ಳಿಗಳು ದಾರಿಗೆ ಮುಳ್ಳು ಹಚ್ಚಿ, ಗುಂಡಿ ತೋಡಿ ಹೊರಗಿನವರು ಬರದ ಹಾಗೆ ಮಾಡಿದವು. ನೂರು ವರ್ಷದ ಹಿಂದೆ ಬಿದ್ದುಹೋದ ಅಗಸಿ ಒಂದೇ ರಾತ್ರಿಯಲ್ಲಿ ವಾಪಸ್ ಬಂತು, ಆದರೆ ಕಟ್ಟೆ ಇಲ್ಲದೆ, ಭಾವಿ ಇಲ್ಲದೆ, ಬರೀ ಮುಚ್ಚಿದ ಬಾಗಿಲಾಗಿ. ದೇಶದ ಹೆದ್ದಾರಿಗಳ ತುಂಬ ಕೂಲಿಕಾರರು ನಡೀತಿದ್ದರು. ಮೇ 8ರಂದು ಮಹಾರಾಷ್ಟ್ರದ ಔರಂಗಾಬಾದ್ ಹತ್ತಿರ ಹಳಿ ಮೇಲೆ ಮಲಗಿದ್ದ 16 ಜನರ ಮೇಲೆ ಗೂಡ್ಸ್ ರೈಲು ಹರಿದದ್ದು ನಿಮಗೆ ನೆನಪಿರುತ್ತೆ. ಅವರಿಗೆ ಮಲಗೋಕೆ ಒಂದು ಜಗಲಿ ಸಿಕ್ಕಿದ್ದರೆ ಹಳಿ ಮೇಲೆ ಯಾಕೆ ಮಲಗ್ತಿದ್ದರು? ನಾನು ಆಗ ಕಾಲೇಜು ಮುಗಿಸಿ ಮನೆಯಲ್ಲೇ ಇದ್ದೆ. ನಮ್ಮ ಪಿ.ಬಿ. ರೋಡಿನಲ್ಲೂ ಗಂಟು ಹೊತ್ತವರು ಹೋಗ್ತಿದ್ದರು. ಕಾಕಾ ರಸ್ತೆ ಬದಿಗೆ ಎರಡು ಕೊಡ ನೀರು, ಒಂದು ಬುಟ್ಟಿ ರೊಟ್ಟಿ ಇಟ್ಟು, ಹತ್ತು ಮಾರು ದೂರ ಕೂತು "ತಗೋರಿ, ತಗೋರಿ" ಅಂತ ಕೂಗ್ತಿದ್ದ. ಓಣಿಯವರು ಬೈದರು. ನಿಜ ಹೇಳ್ತೀನಿ, ನಾನೂ ಬೈದೆ. ರೋಗ ತಂದು ಮನೆಯೊಳಗೆ ಹಾಕ್ತೀಯ ಅಂದೆ. ಅವನು ಒಂದೇ ಮಾತು ಹೇಳಿದ, "ಉಳವಿಗೆ ಹೋಗೋ ಮುಂದ ಹಳ್ಯಾಳದವರು ನಮಗ ನೀರು ಕೊಟ್ಟಾರಲ್ಲೋ." ಅರವಟ್ಟಿಗೆ ಶಾಸನ ಓದಿದ ದಿನ ನನಗೆ ನೆನಪಾಗಿ ನಾಚಿಕೆ ಆದದ್ದು ಇದೇ.

ಮತ್ತೆ ಕತೆಗೆ ಬರ್ತೀನಿ. ಅಗಸಿ ಹೋದದ್ದು ಯಾವಾಗ? 19ನೇ ಶತಮಾನದಲ್ಲಿ ಹತ್ತಿಯ ಕಾಲ. ಧಾರವಾಡ ಸೀಮೆಯ ಹತ್ತಿ ಸಾವಿರಾರು ಎತ್ತಿನ ಗಾಡಿಗಳಲ್ಲಿ ಕುಮಟಾ, ಕಾರವಾರದ ಬಂದರಿಗೆ ಇಳೀತಿತ್ತು. 1861ರಿಂದ 65ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಹತ್ತಿಗೆ ಚಿನ್ನದ ಬೆಲೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸೋಕೂ ಈ ಹತ್ತಿ, ಕಾರವಾರ ಬಂದರು ಒಂದು ಕಾರಣ. ಗಾಡಿ ದಾರಿ ಅಗಲವಾಯ್ತು, ಘಟ್ಟ ಕಡಿದರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಬಂತು. ರೈಲು ಒಂದು ಒಳ್ಳೆ ಕೆಲಸ ಮಾಡಿತು. ದೂರದಿಂದ ಬಂದವನನ್ನು ನಿಲ್ದಾಣ ಅನ್ನೋ ಬಾಗಿಲಲ್ಲಿ ಇಳಿಸಿತು. ನೀರಿದೆ, ನೆರಳಿದೆ, ಬೆಳಕಿದೆ, ಹೊರಗೆ ಟಾಂಗಾ ಇದೆ. ಹೊಸ ಕಾಲದ ಅಗಸಿ. 2023ರ ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮ್ ಉದ್ಘಾಟನೆ ಆಯ್ತು, ಜಗತ್ತಿನಲ್ಲೇ ಉದ್ದದ್ದು. ಕೊನೆ ಬೋಗಿಯಲ್ಲಿ ಬಂದರೆ ಅದೂ ಒಂದು ಪಾದಯಾತ್ರೆಯೇ :-)

ರಸ್ತೆ ಮಾತ್ರ ಹಾಗೆ ಮಾಡಲಿಲ್ಲ. ರಸ್ತೆ ಅಗಲವಾದಷ್ಟೂ ಊರಿಗೂ ದಾರಿಗೂ ನಡುವೆ ಇದ್ದ ಕಟ್ಟೆ, ಗಿಡ, ಭಾವಿ ಒಂದೊಂದಾಗಿ ಹೋದವು. ಧಾರವಾಡದಲ್ಲಿ ಟೋಲ್ ನಾಕಾ ಅನ್ನೋ ಸ್ಟಾಪಿದೆ, ನಾಕಾ ಇಲ್ಲ, ಹೆಸರಿದೆ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ರಸ್ತೆ ಬಂತು. 2018ರ ಅಕ್ಟೋಬರಿನಲ್ಲಿ ಚಿಗರಿ ಬಸ್ಸು ಓಡೋಕೆ ಶುರು, 2020ರ ಫೆಬ್ರವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆ. ಸುಮಾರು 22 ಕಿಲೋಮೀಟರ್. ನಾನು ಚಿಗರಿ ವಿರೋಧಿ ಅಲ್ಲ, ಊರಿಗೆ ಹೋದರೆ ಅದರಲ್ಲೇ ಓಡಾಡೋದು. ಆದರೆ ನಡುವೆ ಬಸ್ಸಿನ ಲೇನು, ಎರಡೂ ಕಡೆ ಬೇರೆ ವಾಹನಗಳ ಲೇನು, ಅದನ್ನೆಲ್ಲ ದಾಟೋ ಎತ್ತಿನ ಗಾಡಿ ಮತ್ತು ಬರಿಗಾಲಿನ ಮನುಷ್ಯ ಯಾರ ನಕ್ಷೆಯಲ್ಲೂ ಇರಲಿಲ್ಲ. ನಮ್ಮೂರಿನ ರಸ್ತೆ ಬದಿಯ ಹಜರತ್ ಸೈಯದ್ ಮಹಮೂದ್ ಶಾ ಖಾದ್ರಿ ದರ್ಗಾವನ್ನು 2022ರ ಡಿಸೆಂಬರ್ 21ರಂದು ಇದೇ ರಸ್ತೆಗಾಗಿ ತೆರವು ಮಾಡಿದರು. ಇದೇ ರಸ್ತೆಗೆ ಗುಡಿಗಳೂ ಜಾಗ ಬಿಟ್ಟಿವೆ. ಅದರ ರಾಜಕೀಯ ನನಗೆ ಬೇಡ. ನನಗೆ ನೆನಪಿರೋದು ಇಷ್ಟೇ: ಉಳವಿಯಿಂದ ಬಂದವರು ಅಲ್ಲಿ ಗಾಡಿ ನಿಲ್ಲಿಸಿ, ನೆರಳಲ್ಲಿ ಕೂತು, ನೀರು ಕುಡಿದು, ರಸ್ತೆ ಖಾಲಿಯಾದ ಮೇಲೆ ದಾಟ್ತಿದ್ದರು. ಅಲ್ಲಿ ಕೂರೋಕೆ ಯಾರೂ ಯಾವ ದೇವರು ಅಂತ ಕೇಳಿರಲಿಲ್ಲ. ಅದು ನಮ್ಮೂರಿನ ಹೆಸರಿಲ್ಲದ ಅಗಸಿ. ಕಾಕಾ ಬಿದ್ದ ರಾತ್ರಿ ಅವನಿಗೆ ನಿಲ್ಲೋಕೆ ಅಂಥ ಜಾಗ ಇರಲಿಲ್ಲ. ಎತ್ತು ಹಾರ್ನಿಗೆ ಬೆದರಿತು, ಅವನು ಮೂಗುದಾಣ ಹಿಡಿಯೋಕೆ ಮುಂದೆ ಓಡಿದ, ಅಷ್ಟೇ.

2025ರ ಜಾತ್ರೆಗೆ ಕಾಕಾ ಹೋಗೋ ಹಾಗಿರಲಿಲ್ಲ. ಕೋಲು ಹಿಡಿದು ಓಣಿಯ ತುದಿ ತನಕ ನಡೀತಾನೆ, ಅಲ್ಲಿಗೆ ಮುಗೀತು. "ಹರಕೆ ಅರ್ಧಕ್ಕ ಬಿಡಬಾರದು ತಮ್ಮಾ" ಅಂದ. ನಾನು ರಜೆ ಹಾಕಿ ಹೋದೆ. (ಮ್ಯಾನೇಜರಿಗೆ ಚಕ್ಕಡಿ ಅಂದರೆ ಏನು ಅಂತ ವಿವರಿಸೋದು ನಡಿಗೆಗಿಂತ ಕಷ್ಟ ಆಯ್ತು.) ಹೊರಡೋಕೆ ಮುಂಚೆ ನಾವು ನಾಲ್ಕು ಹುಡುಗರು ಕೂತು ಒಂದಷ್ಟು ತಯಾರಿ ಮಾಡಿದ್ವಿ. ಗಾಡಿ ಹಿಂದೆ, ನೊಗಕ್ಕೆ, ಎತ್ತಿನ ಕೊಂಬಿಗೆ ರೇಡಿಯಂ ಪಟ್ಟಿ. ನಡೆಯೋರ ಬೆನ್ನಿಗೂ ಅದೇ. ಊರೊಳಗೆ ಹೋಗೋದು, ಬರೋದು ಎರಡೂ ಬೆಳಕಿದ್ದಾಗಲೇ, ಕತ್ತಲಾದರೆ ಊರ ಹೊರಗೇ ತಂಗೋದು. ಗಾಡಿ ಬಿಟ್ಟು ಬರೀ ನಡೆಯುವಾಗ ವಾಹನ ಎದುರಿಗೆ ಕಾಣೋ ಹಾಗೆ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು. ದೊಡ್ಡ ರಸ್ತೆ ದಾಟೋಕೆ ಮುಂಚೆ ಎಲ್ಲರೂ ನಿಂತು, ಎಣಿಸಿ, ಒಟ್ಟಿಗೆ ದಾಟೋದು. ಇದರಲ್ಲಿ ಹೊಸದೇನೂ ಇಲ್ಲ. ಹಳೆಯ ಗಾಡಿಕಾರರು ಹೊತ್ತು ಮುಳುಗೋಕೆ ಮುಂಚೆ ಅಗಸಿ ಮುಟ್ಟಬೇಕು ಅಂತಿದ್ದರಲ್ಲ, ಅದನ್ನೇ ನಾವು ವಾಟ್ಸಾಪಿನಲ್ಲಿ ಬರಕೊಂಡ್ವಿ.

ಹೋಗಿ ಬಂದೆ. ಕಾಲಿನ ಬೊಬ್ಬೆಗಳ ವರ್ಣನೆ ಬೇರೆ ದಿನ ಬರೀತೀನಿ. ವಾಪಸ್ ಬರುವಾಗ ಕೊನೆಯ ರಾತ್ರಿ ಧಾರವಾಡದಲ್ಲೇ ತಂಗಿದ್ವಿ. ಮನೆ ಇನ್ನು ಹದಿನೈದೇ ಕಿಲೋಮೀಟರ್, ಎಲ್ಲರಿಗೂ ಹೋಗಿಬಿಡೋಣ ಅನ್ನೋ ಆತುರ. ಹಿರಿಯರೊಬ್ಬರು ಬೇಡ ಅಂದರು, ಉಳಿದುಕೊಂಡ್ವಿ. ಬೆಳಿಗ್ಗೆ ನವನಗರಕ್ಕೆ ಬಂದು ಫೋನ್ ಮಾಡಿದೆ. ಬೈರಿದೇವರಕೊಪ್ಪ ಮುಟ್ಟೋ ಹೊತ್ತಿಗೆ ರಸ್ತೆಯ ಎರಡೂ ಕಡೆ ನಮ್ಮ ಓಣಿಯ ಐದಾರು ಹುಡುಗರು ಕೆಂಪು ಬಟ್ಟೆ ಹಿಡಿದು ನಿಂತಿದ್ದರು. ಒಬ್ಬ ಕೈ ಎತ್ತಿದ, ಕಾರುಗಳು ನಿಂತವು. ಯಾರೋ ಹಾರ್ನ್ ಹೊಡೆದರು, ಯಾರೋ ಇಳಿದು ಎತ್ತಿಗೆ ಕೈ ಮುಗಿದರು. ಎರಡು ಚಕ್ಕಡಿ, ಹದಿನೇಳು ಜನ ದಾಟಿದ್ವಿ. ಒಂದೂವರೆ ನಿಮಿಷ ಆಗಿರಬಹುದು.

ಈಚೆ ಕಡೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕಾಕಾ ಕೂತಿದ್ದ. ಪಕ್ಕದಲ್ಲಿ ಒಂದು ಕೊಡ ನೀರು, ಒಂದು ತಂಬಿಗೆ. ಎದ್ದು ನಿಲ್ಲೋಕೆ ಹೋದ, ಆಗಲಿಲ್ಲ. ಕೂತಲ್ಲೇ ತಂಬಿಗೆ ತುಂಬಿ ಮೊದಲು ಎತ್ತಿನ ಕಾಲಿಗೆ ಹಾಕಿಸಿದ, ಆಮೇಲೆ ನನ್ನ ಕಾಲಿಗೆ.

"ಎಲ್ಲಾರೂ ಬಂದ್ರೇನೋ?" ಅಂದ.

"ಹದಿನೇಳು ಮಂದಿ ಕಾಕಾ, ಎಣಸೀನಿ" ಅಂದೆ.

ಅವನು ಮತ್ತೊಮ್ಮೆ ತಾನೇ ಎಣಿಸಿದ.

ಈಗ ನಿಮ್ಮನ್ನು ಕೇಳೋದು ಇಷ್ಟೇ. ನಿಮ್ಮೂರಿನಲ್ಲಿ ಅಗಸಿ ಇತ್ತಾ? ನಿಮ್ಮ ಕಡೆ ಅದಕ್ಕೆ ಏನಂತಾರೆ, ಹೆಬ್ಬಾಗಿಲಾ, ಊರಬಾಗಿಲಾ? ಅಲ್ಲಿ ಕಟ್ಟೆ, ಭಾವಿ, ಗಿಡ ಏನಾದರೂ ಉಳಿದಿದೆಯಾ? ಧರ್ಮಸ್ಥಳಕ್ಕೋ, ಶ್ರೀಶೈಲಕ್ಕೋ, ಎಲ್ಲಮ್ಮನ ಗುಡ್ಡಕ್ಕೋ ನಡೆದು ಹೋದವರು ನಿಮ್ಮ ಮನೆಯಲ್ಲೂ ಇರ್ತಾರೆ, ಒಂದು ಸಲ ಕೇಳಿ ನೋಡಿ, ಅವರಿಗೆ ಎಲ್ಲಿ ಹೆದರಿಕೆ ಆಯ್ತು ಅಂತ. ಅಡವಿಯಲ್ಲಿ ಅಂತ ಹೇಳಿದರೆ ನನಗೂ ತಿಳಿಸಿ, ನನ್ನ ಲೆಕ್ಕ ತಪ್ಪು ಅಂತ ಒಪ್ಪಿಕೊಳ್ತೀನಿ.